ಫೈಲ್ ಇದೆ, ಲಿಂಕ್ ಇಲ್ಲ: ಡ್ರಾಪ್‌ಬಾಕ್ಸ್ ‘ಪಬ್ಲಿಕ್ ಫೋಲ್ಡರ್’ ಮುಚ್ಚಿದಾಗ ಜನ ಯಾಕೆ ಅಷ್ಟು ಸಿಟ್ಟಾದರು?

2024ರ ಜುಲೈನಲ್ಲಿ ಗೂಗಲ್ ಒಂದು ಸುದ್ದಿ ಹೇಳಿತು. ಉದ್ದುದ್ದ ವಿಳಾಸಗಳನ್ನು ಚಿಕ್ಕದು ಮಾಡಿಕೊಡುತ್ತಿದ್ದ ತನ್ನ ‘ಗೂ ಡಾಟ್ ಜಿಎಲ್’ ಲಿಂಕ್‌ಗಳು 2025ರ ಆಗಸ್ಟ್ 25ರಿಂದ ಕೆಲಸ ಮಾಡುವುದಿಲ್ಲ ಅಂತ. ಹೊಸ ಲಿಂಕ್ ಮಾಡಿಕೊಡುವುದನ್ನು ಅದು 2019ರಲ್ಲೇ ನಿಲ್ಲಿಸಿತ್ತು. ಹಳೆಯವು ಮಾತ್ರ ಹೇಗೋ ನಡೆಯುತ್ತಿದ್ದವು. ಈಗ ಅವೂ ಹೋಗುತ್ತವೆ ಎಂದಾಗ ಜನ ಗೊಣಗಿದರು. ಪುಸ್ತಕಗಳಲ್ಲಿ, ಬೋರ್ಡುಗಳಲ್ಲಿ, ಹಳೆಯ ಲೇಖನಗಳಲ್ಲಿ ಅಚ್ಚಾಗಿ ಹೋದ ಲಿಂಕ್‌ಗಳನ್ನು ಯಾರು ತಿದ್ದುತ್ತಾರೆ? ಕೊನೆಗೆ ಗಡುವಿಗೆ ಮೂರು ವಾರ ಇದೆ ಅನ್ನುವಾಗ ಗೂಗಲ್ ಅರ್ಧ ಹಿಂದೆ ಸರಿಯಿತು. ಯಾರೂ ಬಳಸದೆ ಬಿದ್ದಿರುವ ಲಿಂಕ್‌ಗಳನ್ನು ಮಾತ್ರ ತೆಗೆಯುತ್ತೇವೆ, ಉಳಿದವು ಇರಲಿ ಎಂದಿತು.

ಒಂದು ಲಿಂಕ್ ಹೋದರೆ ಇಷ್ಟೆಲ್ಲ ಗಲಾಟೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಅದು ಅರ್ಥವಾಗಬೇಕಾದರೆ ಎಂಟು ವರ್ಷ ಹಿಂದಕ್ಕೆ ಹೋಗಬೇಕು. 2017ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿ ತನ್ನ ‘ಪಬ್ಲಿಕ್ ಫೋಲ್ಡರ್’ ಅನ್ನುವ ಸೌಲಭ್ಯವನ್ನು ಮುಚ್ಚಿತು. ಯಾರ ಫೈಲ್ ಕೂಡ ಅಳಿಸಿಹೋಗಲಿಲ್ಲ. ಆದರೂ ವರ್ಷಗಳಿಂದ ಬಳಸುತ್ತಿದ್ದ ಗ್ರಾಹಕರು ಕೆಂಡಾಮಂಡಲವಾದರು. ಫೈಲ್ ಹೋಗದೆ ಏನು ಹೋಯಿತು ಅನ್ನುವುದೇ ಇಲ್ಲಿ ತಿಳಿಯಬೇಕಾದ ವಿಷಯ.

ಮೊದಲು ಬೇಸಿಕ್ಸ್: ಕ್ಲೌಡ್ ಸ್ಟೋರೇಜ್ ಮತ್ತು ಲಿಂಕ್

ಕ್ಲೌಡ್ ಸ್ಟೋರೇಜ್ ಅಂದರೆ ನಿಮ್ಮ ಫೈಲ್‌ನ ಒಂದು ಪ್ರತಿಯನ್ನು ಬೇರೊಬ್ಬರ ಕಂಪ್ಯೂಟರ್‌ನಲ್ಲಿ ಇಡುವುದು. ಆ ಕಂಪ್ಯೂಟರ್ ಯಾವಾಗಲೂ ಇಂಟರ್ನೆಟ್‌ಗೆ ಜೋಡಿಕೊಂಡಿರುತ್ತದೆ. ಇದನ್ನು ಸರ್ವರ್ ಅನ್ನುತ್ತಾರೆ. ಗೂಗಲ್ ಡ್ರೈವ್, ಒನ್‌ಡ್ರೈವ್, ಐಕ್ಲೌಡ್, ಡ್ರಾಪ್‌ಬಾಕ್ಸ್ ಎಲ್ಲವೂ ಮಾಡುವುದು ಇದನ್ನೇ.

ಡ್ರೂ ಹ್ಯೂಸ್ಟನ್ ಮತ್ತು ಅರಾಶ್ ಫೆರ್ದೌಸಿ ಎಂಬ ಇಬ್ಬರು 2007ರಲ್ಲಿ ಅಮೆರಿಕದಲ್ಲಿ ಡ್ರಾಪ್‌ಬಾಕ್ಸ್ ಶುರು ಮಾಡಿದರು. 2008ರ ಸೆಪ್ಟೆಂಬರ್‌ನಲ್ಲಿ ಅದು ಎಲ್ಲರಿಗೂ ತೆರೆಯಿತು. ಉಚಿತವಾಗಿ 2 ಜಿಬಿ ಜಾಗ. ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಬರುತ್ತಿತ್ತು. ಅದರೊಳಗೆ ಏನು ಹಾಕಿದರೂ ತಾನಾಗಿ ಸರ್ವರ್‌ಗೆ ಹೋಗುತ್ತಿತ್ತು, ನಿಮ್ಮ ಇನ್ನೊಂದು ಕಂಪ್ಯೂಟರ್‌ನಲ್ಲೂ ಕಾಣಿಸುತ್ತಿತ್ತು. ಪೆನ್ ಡ್ರೈವ್ ಹಿಡಿದು ಓಡಾಡುತ್ತಿದ್ದ ಕಾಲ ಅದು. ಜನರಿಗೆ ಇದು ತುಂಬಾ ಹಿಡಿಸಿತು.

ಇನ್ನು ಲಿಂಕ್. ಇಂಟರ್ನೆಟ್‌ನಲ್ಲಿ ಒಂದು ಫೈಲ್ ಎಲ್ಲಿದೆ ಅಂತ ಹೇಳುವ ವಿಳಾಸವೇ ಲಿಂಕ್. ಇದರಲ್ಲಿ ಎರಡು ಬಗೆ ಇದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಎರಡರ ವ್ಯತ್ಯಾಸದ ಮೇಲೆ.

ಒಂದು, ನೇರ ಲಿಂಕ್. ಒತ್ತಿದರೆ ಸೀದಾ ಫೈಲೇ ಬರುತ್ತದೆ. ಫೋಟೊ ಆದರೆ ಫೋಟೊ, ಹಾಡಾದರೆ ಹಾಡು.

ಇನ್ನೊಂದು, ಮುನ್ನೋಟದ ಲಿಂಕ್. ಒತ್ತಿದರೆ ಮೊದಲು ಕಂಪನಿಯ ಒಂದು ಪುಟ ತೆರೆಯುತ್ತದೆ. ಅಲ್ಲಿ ಕಂಪನಿಯ ಲೋಗೋ, ಡೌನ್‌ಲೋಡ್ ಬಟನ್, ‘ಸೈನ್ ಇನ್ ಆಗಿ’ ಅನ್ನುವ ಕರೆ. ನಡುವೆ ನಿಮ್ಮ ಫೋಟೊ. ಗೂಗಲ್ ಡ್ರೈವ್ ಲಿಂಕ್ ಒತ್ತಿದಾಗ ನೀವು ನೋಡುವುದು ಇದನ್ನೇ.

ಕಣ್ಣಲ್ಲಿ ನೋಡುವ ಮನುಷ್ಯನಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಒಂದು ಕ್ಲಿಕ್ ಜಾಸ್ತಿ, ಅಷ್ಟೇ ಅಲ್ವಾ? ಆದರೆ ಬ್ಲಾಗ್, ವೆಬ್‌ಸೈಟ್, ಪಾಡ್‌ಕಾಸ್ಟ್ ಆ್ಯಪ್‌ಗಳು ಹಾಗಲ್ಲ. ಅವಕ್ಕೆ ಬಟನ್ ಒತ್ತಲು ಬರುವುದಿಲ್ಲ. ಫೋಟೊ ಬೇಕಾದಲ್ಲಿ ಒಂದು ಇಡೀ ಪುಟ ಬಂದರೆ ಅವು ಕೈಚೆಲ್ಲುತ್ತವೆ.

ಪಬ್ಲಿಕ್ ಫೋಲ್ಡರ್‌ನಲ್ಲಿ ಏನಿತ್ತು?

ಡ್ರಾಪ್‌ಬಾಕ್ಸ್ ಹಾಕಿಕೊಂಡ ಹೊಸತರಲ್ಲಿ ‘ಪಬ್ಲಿಕ್’ ಹೆಸರಿನ ಒಂದು ಫೋಲ್ಡರ್ ತಾನಾಗಿ ಬರುತ್ತಿತ್ತು. ಅದರೊಳಗೆ ಹಾಕಿದ ಪ್ರತಿ ಫೈಲ್‌ಗೂ ಒಂದು ನೇರ ಲಿಂಕ್ ಸಿಗುತ್ತಿತ್ತು. ಆ ಲಿಂಕ್ ಗೊತ್ತಿದ್ದವರು ಯಾರು ಬೇಕಾದರೂ ನೋಡಬಹುದು. ಖಾತೆ ಬೇಡ, ಪಾಸ್‌ವರ್ಡ್ ಬೇಡ.

ಆ ವಿಳಾಸವನ್ನು ಒಮ್ಮೆ ಬಿಡಿಸಿ ನೋಡೋಣ. ಮೊದಲು ‘ಡಿಎಲ್ ಡಾಟ್ ಡ್ರಾಪ್‌ಬಾಕ್ಸ್ ಡಾಟ್ ಕಾಮ್’. ಆಮೇಲೆ ಒಂದು ಓರೆಗೆರೆ, ‘ಯು’ ಅಕ್ಷರ, ಮತ್ತೊಂದು ಓರೆಗೆರೆ. ನಂತರ ನಿಮ್ಮ ಖಾತೆಯ ನಂಬರ್. ಕೊನೆಗೆ ಫೋಲ್ಡರ್ ಹೆಸರು, ಫೈಲ್ ಹೆಸರು, ನೀವು ಇಟ್ಟ ಹಾಗೇ. ಅಷ್ಟೇ.

ಇದರಲ್ಲಿ ಎರಡು ಅನುಕೂಲ ಇತ್ತು. ಮೊದಲನೆಯದು, ವಿಳಾಸ ಏನಿರುತ್ತದೆ ಅಂತ ಮುಂಚೆಯೇ ಗೊತ್ತಾಗುತ್ತಿತ್ತು. ನೂರು ಫೋಟೊ ಹಾಕಿದರೆ ನೂರು ಸಲ ‘ಲಿಂಕ್ ಕೊಡಿ’ ಅಂತ ಕೇಳಬೇಕಾಗಿರಲಿಲ್ಲ. ಮುಂದಿನ ಭಾಗ ಒಂದೇ, ಕೊನೆಯ ಹೆಸರು ಮಾತ್ರ ಬೇರೆ. ಎರಡನೆಯದು, ಫೋಲ್ಡರ್‌ನ ಜೋಡಣೆ ವಿಳಾಸದಲ್ಲೂ ಹಾಗೇ ಉಳಿಯುತ್ತಿತ್ತು. ಈ ಎರಡನೆಯದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಒಂದು ಪೂರ್ತಿ ವೆಬ್‌ಸೈಟ್ ನಡೆಸಲು ಅಷ್ಟು ಸಾಕು. ವೆಬ್‌ಪುಟವೊಂದು ‘ನನ್ನ ಪಕ್ಕದ ಚಿತ್ರಗಳ ಫೋಲ್ಡರ್‌ನಲ್ಲಿರುವ ಹೂವಿನ ಫೋಟೊ ತೋರಿಸು’ ಎಂದು ಹೇಳಿದರೆ, ಬ್ರೌಸರ್‌ಗೆ ಅದು ಸಿಗುತ್ತಿತ್ತು. ಯಾಕೆಂದರೆ ಆ ಫೋಲ್ಡರ್ ನಿಜವಾಗಿಯೂ ಪಕ್ಕದಲ್ಲೇ ಇರುತ್ತಿತ್ತು.

ವೆಬ್‌ಪುಟ ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎನ್ನುತ್ತಾರೆ. ಎಚ್‌ಟಿಎಂಎಲ್ ಫೈಲೊಂದನ್ನು ಪಬ್ಲಿಕ್ ಫೋಲ್ಡರ್‌ಗೆ ಎಳೆದು ಹಾಕಿದರೆ ಮುಗಿಯಿತು, ನಿಮ್ಮ ವೆಬ್‌ಸೈಟ್ ರೆಡಿ. ಸರ್ವರ್‌ಗೆ ಬಾಡಿಗೆ ಇಲ್ಲ, ಡೊಮೇನ್ ಅಂದರೆ ಸ್ವಂತ ವೆಬ್ ವಿಳಾಸ ಕೊಳ್ಳಬೇಕಿಲ್ಲ, ಸರ್ವರ್‌ಗೆ ಫೈಲ್ ಸಾಗಿಸುವ ಎಫ್‌ಟಿಪಿ ಎಂಬ ವಿಧಾನದ ಪಾಡಿಲ್ಲ. ಫೈಲ್ ತಿದ್ದಿ ಸೇವ್ ಮಾಡಿದರೆ ಕೆಲವೇ ಕ್ಷಣದಲ್ಲಿ ಸೈಟ್ ಕೂಡ ತಿದ್ದಿರುತ್ತಿತ್ತು. ನಿಜ ಹೇಳಬೇಕೆಂದರೆ, ಇದಕ್ಕಿಂತ ಸುಲಭದ ದಾರಿ ಆಮೇಲೂ ಹೆಚ್ಚೇನೂ ಬಂದಿಲ್ಲ.

ಯಾರು ಬಳಸುತ್ತಿದ್ದರು?

ಎಲ್ಲ ಬಗೆಯ ಜನ. ಬ್ಲಾಗರ್‌ನಂಥ ಉಚಿತ ಬ್ಲಾಗ್ ಜಾಗಗಳಲ್ಲಿ ಫೋಟೊ ಹಾಕಬಹುದು, ಪಿಡಿಎಫ್ ಅಥವಾ ಎಂಪಿ3 ಹಾಕಲು ಬರುವುದಿಲ್ಲ. ಹಾಗಾಗಿ ಬ್ಲಾಗ್ ಬರೆಯುವವರಿಗೆ ಅಂಥ ಫೈಲ್ ಇಡಲು ಹೊರಗೊಂದು ಜಾಗ ಬೇಕಿತ್ತು. ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದವರಿಗೂ ಇದೇ ತೊಂದರೆ ಇತ್ತು. ಪಾಡ್‌ಕಾಸ್ಟ್ ಮಾಡುವವರು ಆಡಿಯೊ ಇಟ್ಟರು. ಮೇಷ್ಟ್ರುಗಳು ಪಾಠದ ಟಿಪ್ಪಣಿ ಇಟ್ಟರು. ಪ್ರೋಗ್ರಾಮರ್‌ಗಳು ತಮ್ಮ ಪುಟ್ಟ ತಂತ್ರಾಂಶಗಳನ್ನು ಇಟ್ಟರು. ಹವ್ಯಾಸಿ ಗುಂಪುಗಳಲ್ಲಿ ಚರ್ಚೆ ಮಾಡುವವರು ತಮ್ಮ ಫೋಟೊಗಳನ್ನು ಇಲ್ಲಿಟ್ಟು ಅಲ್ಲಿ ತೋರಿಸಿದರು. ಇಮೇಲ್‌ನ ಕೊನೆಯಲ್ಲಿ ಬರುವ ಸಹಿಯ ಚಿತ್ರವನ್ನೂ ಇಲ್ಲೇ ಇಟ್ಟವರಿದ್ದರು.

ಇವರೆಲ್ಲರಿಗೂ ಇದ್ದ ಒಂದು ಸಮಾನ ಅಂಶ ಗಮನಿಸಿ. ಫೈಲ್ ಡ್ರಾಪ್‌ಬಾಕ್ಸ್‌ನಲ್ಲಿ, ಲಿಂಕ್ ಮಾತ್ರ ಇನ್ನೆಲ್ಲೋ.

ಒಂದೊಂದೇ ಮೆಟ್ಟಿಲು

ಮುಚ್ಚಿದ್ದು ಒಂದೇ ದಿನದಲ್ಲಿ ಅಲ್ಲ. 2012ರ ಏಪ್ರಿಲ್‌ನಲ್ಲಿ ಡ್ರಾಪ್‌ಬಾಕ್ಸ್ ಹೊಸದೊಂದು ಸೌಲಭ್ಯ ತಂದಿತು. ಯಾವ ಫೋಲ್ಡರ್‌ನ ಯಾವ ಫೈಲ್‌ಗಾದರೂ ಲಿಂಕ್ ಮಾಡಿಕೊಳ್ಳಬಹುದು, ಬೇಡವಾದಾಗ ಅದನ್ನು ರದ್ದು ಮಾಡಬಹುದು. ಆದರೆ ಇದು ಮುನ್ನೋಟದ ಲಿಂಕ್. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸ ಖಾತೆಗಳಿಗೆ ಪಬ್ಲಿಕ್ ಫೋಲ್ಡರ್ ತಾನಾಗಿ ಬರುವುದು ನಿಂತಿತು. ಹಳಬರಿಗೆ ಏನೂ ಆಗಲಿಲ್ಲ, ಹಾಗಾಗಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

2016ರ ಅಕ್ಟೋಬರ್ 3ರಿಂದ ಉಚಿತ ಖಾತೆಯವರ ಎಚ್‌ಟಿಎಂಎಲ್ ಫೈಲ್‌ಗಳು ಬ್ರೌಸರ್‌ನಲ್ಲಿ ವೆಬ್‌ಪುಟವಾಗಿ ತೆರೆಯುವುದು ನಿಂತಿತು. ಅಂದರೆ ಡ್ರಾಪ್‌ಬಾಕ್ಸ್ ಮೇಲೆ ನಡೆಯುತ್ತಿದ್ದ ಪುಟ್ಟ ಪುಟ್ಟ ಸೈಟುಗಳು ಮೊದಲು ಹೋದವು. ಅದೇ ಡಿಸೆಂಬರ್‌ನಲ್ಲಿ ಬಳಕೆದಾರರಿಗೆ ಇಮೇಲ್ ಬಂತು. ಪಬ್ಲಿಕ್ ಫೋಲ್ಡರ್ ನಮ್ಮ ಮೊದಲ ಹಂಚಿಕೆ ವಿಧಾನ, ಅಲ್ಲಿಂದೀಚೆಗೆ ಇನ್ನೂ ಒಳ್ಳೆಯ ವಿಧಾನಗಳು ಬಂದಿವೆ, ಆದ್ದರಿಂದ ಇದನ್ನು ನಿಲ್ಲಿಸುತ್ತಿದ್ದೇವೆ ಅನ್ನುವುದು ಅದರ ತಾತ್ಪರ್ಯ. ಉಚಿತ ಖಾತೆಗಳಿಗೆ ಗಡುವು 2017ರ ಮಾರ್ಚ್ 15. ದುಡ್ಡು ಕೊಡುವ ಖಾತೆಗಳಿಗೆ 2017ರ ಸೆಪ್ಟೆಂಬರ್ 1. ಆ ದಿನದ ನಂತರ ಪಬ್ಲಿಕ್ ಫೋಲ್ಡರ್ ಬರೀ ಒಂದು ಮಾಮೂಲಿ ಖಾಸಗಿ ಫೋಲ್ಡರ್.

ಹೊಸ ಲಿಂಕ್ ಕೊಟ್ಟರಲ್ಲ, ಮತ್ತೇನು ತಕರಾರು?

ಕಂಪನಿಯ ಸಲಹೆ ಸರಳವಾಗಿತ್ತು. ಫೈಲ್‌ಗೆ ಹೊಸ ಬಗೆಯ ಲಿಂಕ್ ಮಾಡಿಕೊಳ್ಳಿ, ಅದನ್ನೇ ಹಂಚಿ. ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಎಲ್ಲಿ ಬಂತು ಅಂದರೆ, ಹಳೆಯ ಲಿಂಕ್‌ಗಳು ಆಗಲೇ ಊರೆಲ್ಲ ಹೋಗಿಬಿಟ್ಟಿದ್ದವು.

ಸಾವಿರ ಮದುವೆ ಪತ್ರಿಕೆ ಹಂಚಿ ಆಗಿದೆ ಅಂದುಕೊಳ್ಳಿ. ಆಮೇಲೆ ಛತ್ರ ಬದಲಾಯಿತು. ಮದುವೆ ನಿಂತಿಲ್ಲ. ಹುಡುಗ ಹುಡುಗಿ ಇದ್ದಾರೆ, ಅಡುಗೆಯವರು ಇದ್ದಾರೆ. ಆದರೆ ಮನೆಮನೆಗೆ ಹೋದ ಪತ್ರಿಕೆಯಲ್ಲಿ ಹಳೆಯ ವಿಳಾಸವೇ ಇದೆ. ಯಾರ್ಯಾರಿಗೆ ಕೊಟ್ಟಿದ್ದೀರಿ ಅಂತ ಪಟ್ಟಿ ಇದ್ದರೆ ಫೋನ್ ಮಾಡಿ ಹೇಳಬಹುದು. ಲಿಂಕ್‌ಗೆ ಅಂಥ ಪಟ್ಟಿಯೂ ಇರುವುದಿಲ್ಲ. ನೀವು ಒಬ್ಬರಿಗೆ ಕಳಿಸಿದ್ದು, ಅವರು ಹತ್ತು ಜನಕ್ಕೆ ಕಳಿಸಿದ್ದು, ಅದರಲ್ಲೊಬ್ಬರು ತಮ್ಮ ಲೇಖನದಲ್ಲಿ ಹಾಕಿದ್ದು, ಯಾವುದೂ ನಿಮ್ಮ ಕೈಲಿಲ್ಲ.

ನಿಮ್ಮದೇ ಬ್ಲಾಗಿನಲ್ಲಿರುವ ಲಿಂಕ್‌ಗಳನ್ನಾದರೂ ತಿದ್ದಬಹುದಲ್ಲ? ತಿದ್ದಬಹುದು, ಆದರೆ ಅಲ್ಲೂ ಒಂದು ಗೋಳು. ಹಳೆಯ ವಿಳಾಸದಲ್ಲಿ ಮುಂದಿನ ಭಾಗ ಎಲ್ಲದಕ್ಕೂ ಒಂದೇ ಇತ್ತು. ಹೊಸದರಲ್ಲೂ ಹಾಗೇ ಇದ್ದಿದ್ದರೆ, ‘ಹಳೆಯದನ್ನು ಹುಡುಕಿ ಹೊಸದನ್ನು ಹಾಕು’ ಅಂತ ಕಂಪ್ಯೂಟರ್‌ಗೆ ಒಂದು ಆದೇಶ ಕೊಟ್ಟು ಚಹಾ ಕುಡಿದು ಬರಬಹುದಿತ್ತು. ಹೊಸ ಲಿಂಕ್ ಹಾಗಿಲ್ಲ. ಪ್ರತಿ ಫೈಲ್‌ಗೂ ಅರ್ಥವಿಲ್ಲದ ಅಕ್ಷರ, ಅಂಕಿಗಳ ಬೇರೆ ಬೇರೆ ಸಾಲು. ಒಂದರಿಂದ ಇನ್ನೊಂದನ್ನು ಊಹಿಸಲು ಆಗುವುದಿಲ್ಲ. ಮುನ್ನೂರು ಫೋಟೊ ಇದ್ದರೆ ಮುನ್ನೂರು ಸಲ ಲಿಂಕ್ ಮಾಡಬೇಕು, ಮುನ್ನೂರು ಕಡೆ ಅಂಟಿಸಬೇಕು. ಪ್ರೋಗ್ರಾಮಿಂಗ್ ಬಲ್ಲವರು ಇದಕ್ಕೂ ಒಂದು ಉಪಾಯ ಮಾಡಿಕೊಂಡರು. ಬ್ಲಾಗ್ ಬರೆಯುವ ಮೇಷ್ಟ್ರಿಗೆ ಅದು ಎಲ್ಲಿಂದ ಬರಬೇಕು?

ಅಂಟಿಸಿದ ಮೇಲೂ ಮುಗಿಯಲಿಲ್ಲ. ಹೊಸ ಲಿಂಕ್ ಮುನ್ನೋಟದ ಪುಟವನ್ನು ತೆರೆಯುತ್ತದೆ. ಬ್ಲಾಗ್ ಕೇಳುವುದು ಫೋಟೊ, ಸಿಗುವುದು ಪುಟ. ಪರಿಣಾಮ, ಚಿತ್ರ ಇರಬೇಕಾದ ಕಡೆ ಹರಿದ ಚಿತ್ರದ ಪುಟ್ಟ ಗುರುತು. ಇದಕ್ಕೊಂದು ಮದ್ದು ಇತ್ತು, ಈಗಲೂ ಇದೆ. ಡ್ರಾಪ್‌ಬಾಕ್ಸ್ ಲಿಂಕ್‌ನ ಕೊನೆಯಲ್ಲಿ ‘ಡಿಎಲ್ ಸಮ 0’ ಅಂತ ಇರುತ್ತದೆ. ಆ ಸೊನ್ನೆಯನ್ನು 1 ಮಾಡಿದರೆ ಫೈಲ್ ಸೀದಾ ಡೌನ್‌ಲೋಡ್ ಆಗುತ್ತದೆ. ಅದರ ಬದಲು ‘ರಾ ಸಮ 1’ ಅಂತ ಬರೆದರೆ ಬ್ರೌಸರ್‌ನಲ್ಲೇ ಕಾಣಿಸುತ್ತದೆ. ಫೋಟೊ, ಆಡಿಯೊಗೆ ಇದು ಸಾಕು. ಬಹಳ ಜನರಿಗೆ ಈ ಉಪಾಯ ಗೊತ್ತೇ ಇರಲಿಲ್ಲ, ಅದು ಬೇರೆ ಮಾತು.

ಪೂರ್ತಿ ವೆಬ್‌ಸೈಟ್ ಇಟ್ಟವರಿಗೆ ಮಾತ್ರ ಮದ್ದೇ ಇರಲಿಲ್ಲ. ಪ್ರತಿ ಫೈಲ್‌ನ ವಿಳಾಸ ಬೇರೆ ಬೇರೆ ಆದ ಮೇಲೆ ‘ಪಕ್ಕದ ಫೋಲ್ಡರ್’ ಎಂಬುದೇ ಇಲ್ಲ. ಪುಟಕ್ಕೆ ತನ್ನ ಚಿತ್ರಗಳು ಎಲ್ಲಿವೆ ಅಂತ ತಿಳಿಯುವುದಿಲ್ಲ. ಜೊತೆಗೆ ಎಚ್‌ಟಿಎಂಎಲ್ ತೋರಿಸುವುದನ್ನೂ ನಿಲ್ಲಿಸಿದ್ದರು. ಅಂಥವರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕಾಯಿತು.

ಹಳೆಯ ಲಿಂಕ್ ಒತ್ತಿದವರಿಗೆ ಏನು ಕಾಣುತ್ತಿತ್ತು? 404. ‘ನೀವು ಕೇಳಿದ್ದು ಇಲ್ಲಿಲ್ಲ’ ಅಂತ ಸರ್ವರ್ ಹೇಳುವ ಸಂಕೇತ ಅದು. ಹೊಸ ಜಾಗಕ್ಕೆ ತಾನಾಗಿ ಕಳಿಸಿಕೊಡುವ ವ್ಯವಸ್ಥೆಯೂ ಇಂಟರ್ನೆಟ್‌ನಲ್ಲಿ ಇದೆ, ಅದನ್ನು ರೀಡೈರೆಕ್ಟ್ ಅನ್ನುತ್ತಾರೆ. ಇಲ್ಲಿ ಅದು ಆಗಲಿಲ್ಲ. ಫೈಲ್‌ಗಳೇ ಖಾಸಗಿ ಆದ ಮೇಲೆ ಎಲ್ಲಿಗೆ ಅಂತ ಕಳಿಸುವುದು?

ಕಂಪನಿ ಯಾಕೆ ಹೀಗೆ ಮಾಡಿತು?

ಗ್ರಾಹಕರ ಸಿಟ್ಟು ನ್ಯಾಯವಾದದ್ದೇ. ಹಾಗಂತ ಕಂಪನಿ ಸುಮ್ನೆ ಹಟಕ್ಕೆ ಮುಚ್ಚಿತು ಅಂದರೆ ತಪ್ಪಾಗುತ್ತದೆ. ಅದರ ಕಡೆಯಿಂದಲೂ ಲೆಕ್ಕ ಹಾಕಿ ನೋಡಬೇಕು. ಕಂಪನಿ ಬಾಯಿಬಿಟ್ಟು ಹೇಳಿದ್ದು ‘ಹೊಸ ವಿಧಾನಗಳು ಮೇಲು’ ಅಂತ ಮಾತ್ರ. ಮುಂದೆ ಬರೆದಿರುವ ಕಾರಣಗಳು ಆ ಕಾಲದ ಸಂಗತಿಗಳಿಂದ ನಾವು ಕಟ್ಟಿಕೊಳ್ಳಬಹುದಾದವು.

ಮೊದಲನೆಯದು ವಂಚಕರ ಕಾಟ. ಬ್ಯಾಂಕ್‌ನ ಅಥವಾ ಇಮೇಲ್‌ನ ಲಾಗಿನ್ ಪುಟದ ಹಾಗೆಯೇ ಕಾಣುವ ನಕಲಿ ಪುಟ ಮಾಡಿ, ಪಾಸ್‌ವರ್ಡ್ ಕದಿಯುವುದಕ್ಕೆ ಫಿಶಿಂಗ್ ಅನ್ನುತ್ತಾರೆ. ಆ ನಕಲಿ ಪುಟ ಇಡಲು ಕಳ್ಳರಿಗೂ ಒಂದು ಜಾಗ ಬೇಕು. ಹೆಸರೇ ಕೇಳದ ಸೈಟ್‌ನಲ್ಲಿಟ್ಟರೆ ಜನರಿಗೆ ಅನುಮಾನ ಬರುತ್ತದೆ. ಡ್ರಾಪ್‌ಬಾಕ್ಸ್ ಹೆಸರಿರುವ ವಿಳಾಸದಲ್ಲಿ, ಬೀಗದ ಚಿಹ್ನೆಯ ಸಮೇತ ಇದ್ದರೆ? ಯಾರು ಬೇಕಾದರೂ ಎಚ್‌ಟಿಎಂಎಲ್ ಪುಟ ಇಡಬಹುದಾದ ಉಚಿತ ಜಾಗ ಅಂಥವರಿಗೆ ಹಬ್ಬ. 2014ರಲ್ಲಿ ಭದ್ರತಾ ಕಂಪನಿ ಸೈಮ್ಯಾಂಟೆಕ್ ಇಂಥದ್ದೊಂದನ್ನು ಹೊರಗೆಳೆಯಿತು. ಡ್ರಾಪ್‌ಬಾಕ್ಸ್ ಲಾಗಿನ್ ಪುಟದ ನಕಲನ್ನು ಡ್ರಾಪ್‌ಬಾಕ್ಸ್‌ನ ಮೇಲೆಯೇ ಇಟ್ಟಿದ್ದರು. ಮನೆಯವರ ಹೆಸರಲ್ಲಿ ಮನೆಯೊಳಗಿಂದಲೇ ಕಳ್ಳತನ.

ಡ್ರಾಪ್‌ಬಾಕ್ಸ್ ಅಷ್ಟರಲ್ಲಾಗಲೇ ಬಳಕೆದಾರರ ಫೈಲ್‌ಗಳನ್ನು ‘ಡ್ರಾಪ್‌ಬಾಕ್ಸ್ ಯೂಸರ್ ಕಂಟೆಂಟ್’ ಎಂಬ ಬೇರೆ ವಿಳಾಸಕ್ಕೆ ಸಾಗಿಸಿತ್ತು. ಕಂಪನಿಯ ಸ್ವಂತ ಪುಟಗಳು ಒಂದು ಕಡೆ, ಜನ ಹಾಕಿದ್ದು ಇನ್ನೊಂದು ಕಡೆ ಇರಲಿ ಅಂತ. ಆದರೂ ಹೆಸರಿನಲ್ಲಿ ಡ್ರಾಪ್‌ಬಾಕ್ಸ್ ಇದ್ದೇ ಇತ್ತು.

ವಿಳಾಸ ಸುಲಭವಾಗಿ ಊಹಿಸಬಹುದಾಗಿತ್ತು ಅಂದೆವಲ್ಲ, ಅದರಲ್ಲೂ ಒಂದು ಅಪಾಯ ಇತ್ತು. ನಿಮ್ಮ ಯಾವುದೋ ಒಂದು ಫೋಟೊದ ಲಿಂಕ್ ಸಿಕ್ಕರೆ ನಿಮ್ಮ ಖಾತೆ ನಂಬರ್ ಸಿಕ್ಕ ಹಾಗೆ. ಆಮೇಲೆ ‘ರೆಸ್ಯೂಮೆ ಡಾಟ್ ಪಿಡಿಎಫ್’ ಅಂತ ಸುಮ್ನೆ ಊಹಿಸಿ ಹಾಕಿದರೂ, ಆ ಹೆಸರಿನ ಫೈಲ್ ಅಲ್ಲಿದ್ದರೆ ತೆರೆದುಕೊಳ್ಳುತ್ತದೆ. ಹೊಸ ಲಿಂಕ್‌ಗಳ ಅರ್ಥವಿಲ್ಲದ ಅಕ್ಷರಗಳು ಇದನ್ನು ತಡೆಯುತ್ತವೆ. ಅಂದರೆ ಜನ ಬಯ್ದುಕೊಂಡ ಆ ಅಡ್ಡಾದಿಡ್ಡಿ ವಿಳಾಸವೇ ಸುರಕ್ಷತೆಗೆ ಬೇಕಾಗಿತ್ತು.

ಇನ್ನು ಖರ್ಚು. ಒಂದು ಫೈಲ್ ಇಡುವುದಕ್ಕೆ ಆಗುವ ಖರ್ಚು ಒಂದು. ಅದನ್ನು ಕೇಳಿದವರಿಗೆಲ್ಲ ಕಳಿಸುವ ಖರ್ಚು ಇನ್ನೊಂದು. ಈ ಎರಡನೆಯದಕ್ಕೆ ಬ್ಯಾಂಡ್‌ವಿಡ್ತ್ ಅನ್ನುತ್ತಾರೆ. 2 ಎಂಬಿ ಫೋಟೊ ಒಂದನ್ನು ಇಡಲು ಬೇಕಾದ್ದು 2 ಎಂಬಿ ಜಾಗ ಮಾತ್ರ. ಅದನ್ನು ಜನಪ್ರಿಯ ಪುಟವೊಂದರಲ್ಲಿ ತೋರಿಸಿ 50,000 ಜನ ನೋಡಿದರೆ ಸರ್ವರ್ ಕಳಿಸಬೇಕಾದ್ದು 1 ಲಕ್ಷ ಎಂಬಿ, ಅಂದರೆ 100 ಜಿಬಿ. ಕೊಟ್ಟಿದ್ದು 2 ಜಿಬಿ ಉಚಿತ ಜಾಗ, ಹೊರಗೆ ಹೋಗಿದ್ದು ಅದರ ಐವತ್ತು ಪಟ್ಟು. ಇದಕ್ಕೇ ಉಚಿತ ಖಾತೆಗಳ ಲಿಂಕ್‌ಗಳಿಗೆ ದಿನಕ್ಕೆ 20 ಜಿಬಿ ಮಿತಿ ಹಾಕಿದ್ದರು. ಅದು ದಾಟಿದರೆ ಲಿಂಕ್ ತಾತ್ಕಾಲಿಕವಾಗಿ ನಿಲ್ಲುತ್ತಿತ್ತು.

ಖರ್ಚಿಗಿಂತ ದೊಡ್ಡದು ಇನ್ನೊಂದಿದೆ ಅಂತ ನನಗನ್ನಿಸುತ್ತದೆ. ಅದು ಪ್ರಚಾರ. ಡ್ರಾಪ್‌ಬಾಕ್ಸ್ ಬೆಳೆದದ್ದೇ ಒಬ್ಬರಿಂದೊಬ್ಬರಿಗೆ ಹರಡಿ. 2018ರಲ್ಲಿ ಷೇರುಪೇಟೆಗೆ ಬರುವಾಗ ಅದು ಕೊಟ್ಟ ದಾಖಲೆಯ ಪ್ರಕಾರ ನೋಂದಾಯಿತ ಬಳಕೆದಾರರು 50 ಕೋಟಿಗೂ ಹೆಚ್ಚು, ದುಡ್ಡು ಕೊಡುವವರು ಸುಮಾರು 1.1 ಕೋಟಿ. ನೂರಕ್ಕೆ ಇಬ್ಬರು ಚಿಲ್ಲರೆ. ಆದಾಯದ 90 ಶೇಕಡಕ್ಕೂ ಹೆಚ್ಚು ಪಾಲು ಬಂದಿದ್ದು ಮಾರಾಟಗಾರರ ಮೂಲಕ ಅಲ್ಲ, ಜನ ತಾವೇ ಸೈಟ್‌ಗೆ ಬಂದು ಕೊಂಡಿದ್ದರಿಂದ. ಅಂಥ ಕಂಪನಿಗೆ ಹಂಚಿದ ಪ್ರತಿ ಲಿಂಕ್ ಒಂದು ಜಾಹೀರಾತು. ಮುನ್ನೋಟದ ಪುಟದಲ್ಲಿ ಲೋಗೋ ಕಾಣುತ್ತದೆ, ‘ಖಾತೆ ತೆರೆಯಿರಿ’ ಅನ್ನುವ ಬಟನ್ ಕಾಣುತ್ತದೆ. ನೇರ ಲಿಂಕ್‌ನಲ್ಲಿ ಏನೂ ಕಾಣುವುದಿಲ್ಲ. ಬ್ಲಾಗ್ ಓದುವವನಿಗೆ ಫೋಟೊ ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಖರ್ಚು ಕಂಪನಿಯದು, ಹೆಸರು ಯಾರದ್ದೂ ಅಲ್ಲ.

ಆ ವರ್ಷಗಳಲ್ಲಿ ಡ್ರಾಪ್‌ಬಾಕ್ಸ್ ಎಲ್ಲ ಕಡೆ ಕೈ ಬಿಗಿ ಮಾಡುತ್ತಿತ್ತು ಅನ್ನುವುದಕ್ಕೂ ಗುರುತುಗಳಿವೆ. ಅಮೆಜಾನ್‌ನ ಸರ್ವರ್‌ಗಳಲ್ಲಿ ಬಾಡಿಗೆಗಿದ್ದ ಬಳಕೆದಾರರ ಫೈಲ್‌ಗಳಲ್ಲಿ 90 ಶೇಕಡಕ್ಕೂ ಹೆಚ್ಚನ್ನು 2015ರ ಕೊನೆಯ ಹೊತ್ತಿಗೆ ತನ್ನ ಸ್ವಂತ ವ್ಯವಸ್ಥೆಗೆ ಸಾಗಿಸಿತ್ತು. ಮೇಲ್‌ಬಾಕ್ಸ್ ಎಂಬ ಇಮೇಲ್ ಆ್ಯಪ್, ಕರೂಸೆಲ್ ಎಂಬ ಫೋಟೊ ಆ್ಯಪ್ ಎರಡನ್ನೂ 2016ರಲ್ಲಿ ಮುಚ್ಚಿತ್ತು. ಕಚೇರಿ ಗ್ರಾಹಕರ ಕಡೆ ಗಮನ ತಿರುಗಿತ್ತು.

ದುಡ್ಡು ಕೊಟ್ಟವರ ಸಿಟ್ಟು

ಉಚಿತವಾಗಿ ಬಳಸಿದವರಿಗೆ ‘ಪುಕ್ಕಟೆ ಸಿಕ್ಕಿದ್ದು, ಹೋಯಿತು’ ಅಂತ ಸಮಾಧಾನ ಹೇಳಬಹುದು. ತಿಂಗಳಿಗಿಷ್ಟು ಅಂತ ಕೊಡುತ್ತಿದ್ದವರಿಗೆ? ಅವರಲ್ಲಿ ಕೆಲವರು ಚಂದಾ ಕಟ್ಟುತ್ತಿದ್ದದ್ದೇ ಈ ಫೋಲ್ಡರ್‌ಗಾಗಿ. ಅವರಿಗೆ ಸಿಕ್ಕಿದ್ದು ಐದೂವರೆ ತಿಂಗಳು ಹೆಚ್ಚಿನ ಗಡುವು, ಅಷ್ಟೇ. ಬೆಲೆ ಕಡಿಮೆ ಆಗಲಿಲ್ಲ. ‘ದುಡ್ಡು ಕೊಟ್ಟರೆ ಸೇವೆ ಗಟ್ಟಿ’ ಅನ್ನುವ ನಂಬಿಕೆಗೆ ಬಿದ್ದ ಪೆಟ್ಟು ಅದು.

ಕಾನೂನಿನ ಕಡೆಯಿಂದ ಅವರಿಗೆ ಹೆಚ್ಚೇನೂ ಹಿಡಿತ ಇರಲಿಲ್ಲ. ಖಾತೆ ತೆರೆಯುವಾಗ ನಾವು ಓದದೆ ‘ಒಪ್ಪಿದ್ದೇನೆ’ ಅಂತ ಒತ್ತುವ ಷರತ್ತುಗಳಲ್ಲಿ, ಸೇವೆಯನ್ನು ಬದಲಿಸುವ ಅಥವಾ ನಿಲ್ಲಿಸುವ ಹಕ್ಕನ್ನು ಇಂಥ ಕಂಪನಿಗಳು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತವೆ.

ಇದು ಒಂದೇ ಕಂಪನಿಯ ಕಥೆಯೂ ಅಲ್ಲ

ಗೂಗಲ್ ಡ್ರೈವ್‌ನಲ್ಲೂ ಒಮ್ಮೆ ವೆಬ್‌ಸೈಟ್ ಇಡಬಹುದಿತ್ತು. 2015ರ ಆಗಸ್ಟ್‌ನಲ್ಲಿ ಘೋಷಿಸಿ, ಒಂದು ವರ್ಷ ಸಮಯ ಕೊಟ್ಟು, 2016ರ ಆಗಸ್ಟ್ 31ಕ್ಕೆ ನಿಲ್ಲಿಸಿತು. ಅಲ್ಲಿಂದ ಡ್ರಾಪ್‌ಬಾಕ್ಸ್‌ಗೆ ಬಂದವರಿದ್ದರೆ ಅವರ ಗ್ರಹಚಾರ.

ಜನ ಫೋಟೊ ಇಡುತ್ತಿದ್ದ ಫೋಟೊಬಕೆಟ್ ಎಂಬ ಸೈಟ್ ಮಾಡಿದ್ದು ಇನ್ನೂ ಜೋರು. 2017ರ ಜೂನ್‌ನಲ್ಲಿ, ಬೇರೆ ಸೈಟ್‌ಗಳಲ್ಲಿ ಫೋಟೊ ತೋರಿಸಬೇಕಾದರೆ ವರ್ಷಕ್ಕೆ 399.99 ಡಾಲರ್ ಕೊಡಿ ಎಂದಿತು. ಕೊಡದವರ ಫೋಟೊಗಳ ಜಾಗದಲ್ಲಿ ಕಂಪನಿಯ ಎಚ್ಚರಿಕೆ ಚಿತ್ರ ಬಂತು. ಕಾರು ರಿಪೇರಿ, ಮರಗೆಲಸ, ತೋಟಗಾರಿಕೆ ಬಗ್ಗೆ ಹವ್ಯಾಸಿಗಳು ವರ್ಷಗಟ್ಟಲೆ ಬರೆದಿಟ್ಟ ಸಚಿತ್ರ ವಿವರಣೆಗಳಲ್ಲಿ ಚಿತ್ರಗಳೇ ಮಾಯವಾದವು. ‘ಕೆಳಗಿನ ಚಿತ್ರದಲ್ಲಿ ತೋರಿಸಿದ ನಟ್ ಬಿಚ್ಚಿ’ ಅಂತ ಬರಹ ಇದೆ, ಕೆಳಗೆ ಚಿತ್ರ ಇಲ್ಲ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ್ದು ಬೇರೆ ಕಾರಣ. ಅದರ ‘ಫೈರ್‌ಫಾಕ್ಸ್ ಸೆಂಡ್’ 2019ರ ಮಾರ್ಚ್‌ನಲ್ಲಿ ಬಂತು. ಫೈಲ್ ಕಳಿಸಲು ಉಚಿತ, ಬಹಳ ಸುರಕ್ಷಿತ ವಿಧಾನ. ಆದರೆ ದುಷ್ಟ ತಂತ್ರಾಂಶ ಹರಡುವವರಿಗೂ ಅದು ಅಷ್ಟೇ ಸುರಕ್ಷಿತವಾಗಿತ್ತು! 2020ರ ಜುಲೈನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಸೆಪ್ಟೆಂಬರ್‌ನಲ್ಲಿ ಪೂರ್ತಿ ಮುಚ್ಚಿದರು.

ಹೀಗೆ ಲಿಂಕ್‌ಗಳು ಸಾಯುವುದಕ್ಕೆ ಇಂಗ್ಲಿಷ್‌ನಲ್ಲಿ ‘ಲಿಂಕ್ ರಾಟ್’ ಅನ್ನುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ವೆಬ್‌ಪುಟಗಳಲ್ಲಿ 38 ಶೇಕಡ ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ.

ಈಗ ನಮ್ಮ ಲಿಂಕ್‌ಗಳ ಗತಿ ಏನು?

ಇವತ್ತು ನಮ್ಮ ಕಡೆ ಪಬ್ಲಿಕ್ ಫೋಲ್ಡರ್‌ನ ಕೆಲಸ ಮಾಡುತ್ತಿರುವುದು ಹೆಚ್ಚಾಗಿ ಗೂಗಲ್ ಡ್ರೈವ್. ಕೆಎಎಸ್, ಎಫ್‌ಡಿಎ ಪರೀಕ್ಷೆಗೆ ಓದುವವರ ಟೆಲಿಗ್ರಾಂ ಗುಂಪುಗಳಲ್ಲಿ ನೋಟ್ಸ್, ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮದುವೆ ಫೋಟೊ, ಶಾಲೆಯ ಪ್ರಾಜೆಕ್ಟ್, ಎಲ್ಲದಕ್ಕೂ ಒಂದು ಡ್ರೈವ್ ಲಿಂಕ್.

ಡ್ರೈವ್ ಲಿಂಕ್ ಸಾಯುವ ದಾರಿಗಳು ಕೆಲವಿವೆ. ಫೈಲ್‌ನ ಮಾಲೀಕರು ಜಾಗ ತುಂಬಿತು ಅಂತ ಅಳಿಸಬಹುದು. ಅವರ ಖಾತೆಯೇ ಹೋಗಬಹುದು: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ತೆಗೆಯಲು ಗೂಗಲ್ 2023ರ ಡಿಸೆಂಬರ್‌ನಿಂದ ಶುರು ಮಾಡಿದೆ. ಕಾಲೇಜು ಅಥವಾ ಆಫೀಸು ಕೊಟ್ಟ ಖಾತೆಯಾದರೆ, ನೀವು ಅಲ್ಲಿಂದ ಹೊರಬಿದ್ದ ಮೇಲೆ ಅದನ್ನು ಮುಚ್ಚುವುದು ಅವರ ಕೈಯಲ್ಲಿ. ಕೆಲವೊಮ್ಮೆ ಭದ್ರತೆಯ ಕಾರಣಕ್ಕೆ ಲಿಂಕ್‌ನ ರೂಪವೇ ಬದಲಾಗುತ್ತದೆ. 2021ರ ಸೆಪ್ಟೆಂಬರ್ 13ರಂದು ಗೂಗಲ್ ಅಂಥದ್ದೇ ಒಂದು ಬದಲಾವಣೆ ತಂದಾಗ, ಕೆಲವು ಹಳೆಯ ಲಿಂಕ್ ಒತ್ತಿದವರಿಗೆ ‘ಅನುಮತಿ ಕೇಳಿ’ ಅನ್ನುವ ಪುಟ ಬರತೊಡಗಿತು.

ಹಾಗಾದರೆ ಮಾಡುವುದೇನು? ಬಹಳ ದಿನ ಬೇಕಾದ ಫೈಲ್ ಆದರೆ ಲಿಂಕ್ ಉಳಿಸಿಕೊಂಡು ಕೂರಬೇಡಿ, ಫೈಲನ್ನೇ ಇಳಿಸಿಕೊಳ್ಳಿ. ನೀವು ಹಂಚುವವರಾದರೆ ಕಾಲೇಜಿನ ಖಾತೆಯಿಂದ ಹಂಚಬೇಡಿ, ಸ್ವಂತ ಖಾತೆ ಬಳಸಿ. ಎಲ್ಲೆಲ್ಲಿ ಲಿಂಕ್ ಹಾಕಿದ್ದೀರಿ ಅಂತ ಒಂದು ಕಡೆ ಬರೆದಿಟ್ಟುಕೊಂಡರೆ ತಿದ್ದುವ ದಿನ ಬಂದಾಗ ಉಪಯೋಗಕ್ಕೆ ಬರುತ್ತದೆ.

ವರ್ಷಾನುಗಟ್ಟಲೆ ಬರೆಯುವವರು, ಸಂಘ ಸಂಸ್ಥೆ ನಡೆಸುವವರು ಸ್ವಂತ ಡೊಮೇನ್ ತೆಗೆದುಕೊಳ್ಳುವುದು ಒಳ್ಳೆಯದು. ಡೊಮೇನ್ ಅಂದರೆ ವರ್ಷಕ್ಕಿಷ್ಟು ಕಟ್ಟಿ ನಮ್ಮ ಹೆಸರಿಗೆ ಇಟ್ಟುಕೊಳ್ಳುವ ವೆಬ್ ವಿಳಾಸ. ಜನರಿಗೆ ಆ ವಿಳಾಸ ಕೊಡಿ. ಆ ವಿಳಾಸದ ಹಿಂದಿರುವ ಫೈಲ್ ಇವತ್ತು ಒಂದು ಕಂಪನಿಯಲ್ಲಿರಲಿ, ನಾಳೆ ಇನ್ನೊಂದರಲ್ಲಿರಲಿ, ನೀವೇ ರೀಡೈರೆಕ್ಟ್ ಬದಲಿಸಿದರೆ ಹೊರಗೆ ಹೋದ ಲಿಂಕ್ ಹಾಗೇ ನಡೆಯುತ್ತದೆ. ಡೊಮೇನ್ ನವೀಕರಿಸಲು ಮರೆತರೆ ಮಾತ್ರ ಅದೂ ಹೋಗುತ್ತದೆ.

ಈಗಾಗಲೇ ಸತ್ತ ಲಿಂಕ್ ಎದುರಾದರೆ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮಷೀನ್’ನಲ್ಲಿ ಆ ವಿಳಾಸ ಹಾಕಿ ನೋಡಿ. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ಈ ಉಚಿತ ಸಂಗ್ರಹದಲ್ಲಿ ಹಳೆಯ ವೆಬ್‌ಪುಟಗಳ ಪ್ರತಿಗಳಿವೆ. ನೇರ ಲಿಂಕ್ ಇದ್ದ ಫೈಲ್‌ಗಳು ಕೆಲವೊಮ್ಮೆ ಸಿಗುತ್ತವೆ. ಡ್ರೈವ್‌ನ ಮುನ್ನೋಟದ ಲಿಂಕ್‌ಗಳ ವಿಷಯದಲ್ಲಿ ಆ ಭರವಸೆ ಕಡಿಮೆ.

ಕೊನೆಯದಾಗಿ ಕ್ಯೂಆರ್ ಕೋಡ್. ಅದೂ ಒಂದು ಲಿಂಕೇ, ಚಿತ್ರದ ರೂಪದಲ್ಲಿರುವ ಲಿಂಕ್. ಹೋಟೆಲ್ ಮೆನು, ಅಂಗಡಿ ಬೋರ್ಡು, ಜಾತ್ರೆಯ ಕರಪತ್ರ ಎಲ್ಲದರ ಮೇಲೂ ಈಗ ಅದು ಇದೆ. ಉಚಿತವಾಗಿ ಕ್ಯೂಆರ್ ಮಾಡಿಕೊಡುವ ಕೆಲವು ಸೈಟುಗಳು ನಿಮ್ಮ ವಿಳಾಸವನ್ನು ಸೀದಾ ಅದರೊಳಗೆ ಹಾಕುವುದಿಲ್ಲ. ತಮ್ಮ ವಿಳಾಸ ಹಾಕಿ, ಅಲ್ಲಿಂದ ನಿಮ್ಮ ಕಡೆ ಕಳಿಸುತ್ತವೆ. ಇದನ್ನು ‘ಡೈನಾಮಿಕ್ ಕ್ಯೂಆರ್’ ಅನ್ನುತ್ತಾರೆ. ಉಚಿತ ಅವಧಿ ಮುಗಿದ ಮೇಲೆ ದುಡ್ಡು ಕಟ್ಟದಿದ್ದರೆ ಕೆಲವು ಕಡೆ ಅದು ನಿಂತುಹೋಗುತ್ತದೆ. ಬೋರ್ಡು ಬರೆಸುವ ಮುಂಚೆ ಫೋನ್‌ನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ. ತೆರೆಯುವ ಮೊದಲು ಪರದೆ ಮೇಲೆ ವಿಳಾಸ ಕಾಣಿಸುತ್ತದೆ. ಅಲ್ಲಿ ನಿಮ್ಮ ಹೆಸರಿನ ಬದಲು ಕ್ಯೂಆರ್ ಮಾಡಿಕೊಟ್ಟ ಸೈಟಿನ ಹೆಸರಿದ್ದರೆ ಅಚ್ಚಿಗೆ ಕಳಿಸಬೇಡಿ, ‘ಸ್ಟ್ಯಾಟಿಕ್’ ಅನ್ನುವ ಆಯ್ಕೆ ಒತ್ತಿ ಇನ್ನೊಂದು ಮಾಡಿಸಿಕೊಳ್ಳಿ.